ಟೂರಿಸ್ಟ್ ಕಾರ್ಡಿನ ಮುಖ

ಮಾರ್ಚ್ 3

ತಮ್ಮಾ,

ಕ್ಷೇಮವಾಗಿ ತಲುಪಿದೆ. ವಿಮಾನ ಇಳಿದ ಕಡೆ ಒಬ್ಬ ಗಡ್ಡದವನು ವೀಸಾ ಬದಲಿಗೆ ನೀನು ಕಂಪ್ಯೂಟರಿನಲ್ಲಿ ತೆಗೆಸಿಕೊಟ್ಟ ಟೂರಿಸ್ಟ್ ಕಾರ್ಡನ್ನೂ ನನ್ನ ಮುಖವನ್ನೂ ಬದಲಾಯಿಸಿ ಬದಲಾಯಿಸಿ ನೋಡಿದ. ಕನ್ನಡಕ ತೆಗೆಸಿದ. ನನ್ನ ಹಿಂದಿದ್ದ ಸಾಲು ನೋಡಿ ನಿಟ್ಟುಸಿರು ಬಿಟ್ಟು ಒಳಗೆ ಕಳಿಸಿದ. ಜನ್ಮವೆಲ್ಲ ಬಸ್ಸಿನಲ್ಲಿ ಟಿಕೆಟ್ ಹರಿದುಕೊಟ್ಟವಳಿಗೆ ಇನ್ನೊಬ್ಬರ ಮುಂದೆ ಟಿಕೆಟ್ ಹಿಡಿದು ನಿಲ್ಲುವುದು ಹೊಸದು.

ಇನ್ನು ಅಣ್ಣನ ವಿಷಯ. ನೀನು ಕೇಳುವುದಿಲ್ಲ, ಗೊತ್ತು. ಆದರೂ ಬರೆಯುತ್ತೇನೆ. ಬಲಗೈ ಬಲಗಾಲು ಇನ್ನೂ ಸ್ವಾಧೀನಕ್ಕೆ ಬಂದಿಲ್ಲ. ಅದಕ್ಕಿಂತ ದೊಡ್ಡ ಪೇಚು ಬಾಯಿಯದು. ಲಕ್ವ ಹೊಡೆದಾಗ ಇಷ್ಟು ವರ್ಷ ಆಡಿದ ಇಲ್ಲಿನ ಭಾಷೆ ಪೂರಾ ಅಳಿಸಿಹೋಗಿದೆ. ಲಿಫ್ಟ್ ರಿಪೇರಿ ಕೆಲಸದ ಜೊತೆಗಾರರು ಹಣ್ಣು ಹಿಡಿದು ಬರುತ್ತಾರೆ, ಪಾಪ. ಇವನು ಅವರ ಬಾಯಿಯನ್ನೇ ನೋಡುತ್ತಾನೆ, ಒಂದಕ್ಷರ ತಲೆಗೆ ಹೋಗುವುದಿಲ್ಲ. ಬರುವ ನಾಲ್ಕು ಮಾತು ಬರೀ ಕನ್ನಡ. ಅದು ಇಲ್ಲಿ ಒಬ್ಬರಿಗೂ ಬಾರದು. ಮೊಟ್ಟಮೊದಲು ಆಸ್ಪತ್ರೆಯ ಸೂಪು ಕುಡಿದು "ದರಿದ್ರ" ಅಂದನಂತೆ. ಮಾತು ಕಲಿಸುವ ಹುಡುಗಿ ಅದು ಸೂಪಿನ ಹೆಸರೇ ಇರಬೇಕು ಎಂದುಕೊಂಡು ದಿನಾ ಬಟ್ಟಲು ಹಿಡಿದು ನಗುನಗುತ್ತಾ "ದರಿದ್ರ? ದರಿದ್ರ?" ಎಂದು ಕೇಳುತ್ತಿದ್ದಳು. ನಾನು ಬಂದು ಅರ್ಥ ಹೇಳಿದ ಮೇಲೆ ಪಾಪದ ಹುಡುಗಿ ಕೆಂಪಾದಳು.

ಮೊದಲ ಕೆಲವು ತಿಂಗಳಲ್ಲಿ ಬಂದ ಮಾತೇ ಮಾತು, ಅಷ್ಟರೊಳಗೆ ದಿನಾ ಯಾರಾದರೂ ಅವನ ಭಾಷೆಯಲ್ಲಿ ಮಾತಾಡಿಸಬೇಕು ಎಂದು ಡಾಕ್ಟರು ಹೇಳಿದ್ದಾರೆ. ಮೇ ಕೊನೆಯವರೆಗೆ ಇರುತ್ತೇನೆಂದು ಒಪ್ಪಿದ್ದೇನೆ. ನಿನ್ನ ಕಾರ್ಡು ಈ ತಿಂಗಳ ಇಪ್ಪತ್ತೆಂಟಕ್ಕೆ ಮುಗಿಯುತ್ತದೆ. ಮುಂದುವರಿಸುವುದು ಹೇಗೆ? ವಾರ್ಡಿನಲ್ಲಿ ಫೋನಿನಲ್ಲಿ ಮಾತಾಡಲು ಬಿಡುವುದಿಲ್ಲ, ನಾನು ಹೊರಗೆ ಬರುವಾಗ ನೀನು ಗೊರಕೆ ಹೊಡೆಯುತ್ತಿರುತ್ತೀಯ. ಈಮೇಲಿನಲ್ಲೇ ಬರಿ.

ಅಕ್ಕ


ಮಾರ್ಚ್ 5

ಅಕ್ಕಾ,

ಅದೇನು ಬ್ರಹ್ಮವಿದ್ಯೆ ಅಲ್ಲ. ಕಾರ್ಡು ಕೊಂಡದ್ದು ಎಷ್ಟು ಸಲೀಸಾಯಿತು ನೋಡಿದೆಯಲ್ಲ? ಸ್ಟುಡಿಯೋದಲ್ಲಿ ಕೂತು, ಫೋಟೋ ಹಾಕಿ, ಹಣ ಕಟ್ಟಿ, ಟೀ ತಣ್ಣಗಾಗುವಷ್ಟರಲ್ಲಿ ಅರ್ಜಿ ಮುಗಿಸಿದೆ. ಅಲ್ಲಿ ವಿದೇಶೀಯರ ಆಫೀಸು ಅಂತ ಇರುತ್ತದೆ. ಪಾಸ್‌ಪೋರ್ಟು, ಕಾರ್ಡು, ಆಸ್ಪತ್ರೆಯ ಚೀಟಿ ತಗೊಂಡು ಹೋಗು. ಮನಸ್ಸಿದ್ದರೆ ಮಾರ್ಗ. ಮನಸ್ಸಿಲ್ಲದವರಿಗೆ ಮಾತ್ರ ಕಾಗದ ಸಿಗುವುದಿಲ್ಲ.

ನಿಮ್ಮಣ್ಣನ ಸೇವೆ ಒಂದೇ ಮಾಡಬೇಡ. ಜನ್ಮದಲ್ಲಿ ಮೊದಲ ಸಲ ಊರು ಬಿಟ್ಟಿದ್ದೀಯ. ನಾಲ್ಕು ಕಡೆ ಓಡಾಡಿ ನೋಡು.

ತಮ್ಮ


ಮಾರ್ಚ್ 11

ಪ್ರೀತಿಯ ತಮ್ಮ ಎಂದು ಬರೆಯೋಣವೆಂದರೆ ಪ್ರೀತಿ ಬರುತ್ತಿಲ್ಲ.

ಆ ಆಫೀಸಿಗೆ ಹೋಗಿದ್ದೆ. ಕಿಟಕಿ ಇಲ್ಲದ ಹಾಲ್, ನೆಲಕ್ಕೆ ಬೋಲ್ಟು ಹಾಕಿದ ಕುರ್ಚಿಗಳು. ಒಂದು ಕೌಂಟರಿನವಳು ಇನ್ನೊಂದಕ್ಕೆ ಕಳಿಸಿದಳು, ಆ ಇನ್ನೊಂದು ಕೌಂಟರಿನವನು ಊಟಕ್ಕೆ ಎದ್ದ. ಅವನು ಬಂದ ಮೇಲೆ ಮತ್ತೆ ಮೊದಲನೆಯವಳ ಹತ್ತಿರವೇ ಹೋಗು ಎಂದ. ಚಿಲ್ಲರೆ ಇಲ್ಲವೆಂದು ನಾನು ಜನರನ್ನು ಕಾಯಿಸಿದ್ದಕ್ಕೆಲ್ಲ ಅವತ್ತು ಬಡ್ಡಿ ಸಮೇತ ತೀರಿತು.

ಕೊನೆಗೆ ನನ್ನ ಪಾಳಿ ಬಂತು. ಕೌಂಟರಿನವಳು ಪಾಸ್‌ಪೋರ್ಟು ಒಂದು ಪಕ್ಕ, ಕಾರ್ಡು ಒಂದು ಪಕ್ಕ ಇಟ್ಟು ನನ್ನ ಕಡೆ ತಿರುಗಿಸಿದಳು. ಪಾಸ್‌ಪೋರ್ಟಿನ ಫೋಟೋ ಸರ್ಕಾರದ ಕ್ಯಾಮೆರಾದಲ್ಲಿ ತೆಗೆದದ್ದು. ಅದರಲ್ಲಿ ತುಟಿಯ ಪಕ್ಕದಿಂದ ಕೆನ್ನೆಗೆ ಹತ್ತಿರುವ ನನ್ನ ಬಿಳಿ ಮಚ್ಚೆ ಇದೆ. ಕಾರ್ಡಿನ ಫೋಟೋ ನಿನ್ನ ಸ್ಟುಡಿಯೋದ್ದು. ಅದರಲ್ಲಿ ನನ್ನ ಕೆನ್ನೆ ತೊಳೆದಿಟ್ಟ ತಟ್ಟೆಯ ಹಾಗಿದೆ! "ಈ ಹೆಂಗಸು ಯಾರು?" ಎಂದು ಕೇಳಿದಳು. ನನ್ನ ಹರುಕು ಇಂಗ್ಲಿಷಿನಲ್ಲಿ ನಾನೇ ಎಂದೆ. "ಹಾಗಾದರೆ ಇದು ಯಾರು?" ಎಂದು ನನ್ನ ಮುಖ ತೋರಿಸಿದಳು.

ತಿದ್ದಿದ ಫೋಟೋ ಕೊಟ್ಟು ಕಾರ್ಡು ಕೊಂಡವರಿಗೆ ಅವಧಿ ಮುಂದುವರಿಸುವುದಿಲ್ಲವಂತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಟಚಿಂಗ್ ಮಾಡಿದವನು ನೀನು, ತಲೆ ತಗ್ಗಿಸಿ ನಿಂತವಳು ನಾನು. ಏನು ಮಾಡಿದೆಯೋ ನೀನು?

ಅಕ್ಕ


ಮಾರ್ಚ್ 12

ಅಕ್ಕಾ,

ನಾನೇನು ಕೊಲೆ ಮಾಡಿದೆನೇ? ಸ್ಟುಡಿಯೋ ಅಂದಮೇಲೆ ಟಚಿಂಗ್ ಇದ್ದೇ ಇರುತ್ತದೆ. ಮೊಡವೆ ತೆಗೆಯುತ್ತೇವೆ, ಕಣ್ಣಿನ ಕೆಳಗಿನ ಕಪ್ಪು ತೆಗೆಯುತ್ತೇವೆ. ಫೋಟೋ ತೆರೆದ ಕೂಡಲೇ ಕೈ ತಾನೇ ತಾನಾಗಿ ಓಡುತ್ತದೆ. ನಿನ್ನದನ್ನು ಎಷ್ಟೋ ವರ್ಷದಿಂದ ತೆಗೆಯುತ್ತಲೇ ಬಂದಿದ್ದೇನೆ. ಯಾವತ್ತಾದರೂ ಬೇಡ ಅಂದೆಯಾ? ನಿನ್ನ ಒಳ್ಳೆಯದಕ್ಕೇ ಮಾಡಿದ್ದು. ಗಂಡಿನ ಕಡೆಯವರಿಗೆ ಕಳಿಸುವಾಗ ಅಮ್ಮನೇ ನನ್ನ ಹತ್ತಿರ ಮಾಡಿಸುತ್ತಿದ್ದಳು, ಮರೆತೆಯಾ?

ಅವರಿಗೆ ತಿಳಿಸಿ ಹೇಳು. ಮಚ್ಚೆ ಇದ್ದರೂ ಇಲ್ಲದಿದ್ದರೂ ಮೂಗು ಅದೇ, ಕಣ್ಣು ಅದೇ.

ತಮ್ಮ


ಮಾರ್ಚ್ 13

ಹೇಳಿದೆ. ಮೂಗು ನೋಡಲು ಅವರಿಗೆ ಪುರುಸೊತ್ತಿಲ್ಲ.

ನನ್ನದು ಮೋಸವಲ್ಲ ಎಂದು ತೋರಿಸಿದರೆ ಮತ್ತೆ ನೋಡುತ್ತಾರಂತೆ. ಅದಕ್ಕೆ ಬೇಕಾದದ್ದು ಇಷ್ಟು. ತಿದ್ದುವ ಮುಂಚಿನ ಅಸಲು ಫೋಟೋ. ಜೊತೆಗೆ, ಫೋಟೋ ತೆಗೆದವನು ನಾನು, ತಿದ್ದಿದವನೂ ನಾನೇ, ಈಕೆಗೆ ಗೊತ್ತಿರಲಿಲ್ಲ ಎಂದು ಸ್ಟುಡಿಯೋದ ಲೆಟರ್‌ಹೆಡ್ಡಿನಲ್ಲಿ ನಿನ್ನ ಸಹಿ, ಸೀಲು. ನಾಳೆಯೇ ಕಳಿಸು. ಅಣ್ಣ ಇವತ್ತು "ನೀರು ಕೊಡು" ಎಂದ. ಎರಡು ಮಾತು ಕೂಡಿಸಿ ಹೇಳಿದ್ದು ಇದೇ ಮೊದಲು. ನಾನು ಹೋಗಿಬಿಟ್ಟರೆ ಅವನು ನೀರು ಕೇಳಿದರೂ ತಿಳಿಯುವವರಿಲ್ಲ.

ಅಕ್ಕ


ಮಾರ್ಚ್ 18

ಅಕ್ಕಾ,

ತಡವಾಯಿತು. ನೆಟ್ ಇರಲಿಲ್ಲ, ಆಮೇಲೆ ಪ್ರಿಂಟರ್ ಕೈಕೊಟ್ಟಿತು. ಅಸಲು ಫೋಟೋ ಇಲ್ಲ. ತಿದ್ದಿದ ಮೇಲೆ ಅದರ ಮೇಲೇ ಸೇವ್ ಮಾಡುವುದು ನನ್ನ ರೂಢಿ. ಹಳೆಯ ಪೆಟ್ಟಿಗೆಗಳನ್ನೆಲ್ಲ ಹುಡುಕಿದೆ. ನಿನ್ನ ಫೋಟೋ ರಾಶಿ ಇವೆ, ಆದರೆ ಒಂದರಲ್ಲೂ ಮಚ್ಚೆ ಇಲ್ಲ.

ಪತ್ರ ಲಗತ್ತಿಸಿದ್ದೇನೆ. ಸ್ವಲ್ಪ ಜಾಣತನದಿಂದ ಬರೆದಿದ್ದೇನೆ, ನೋಡು. ಸ್ಟುಡಿಯೋದ ದೀಪ ಆ ಕಡೆಯಿಂದ ಬಿದ್ದ ಕಾರಣ ಕೆನ್ನೆಯ ಮೇಲಿನ ಗುರುತು ಕಾಣಿಸಿರಲಿಕ್ಕಿಲ್ಲ, ಅಂತ. ನಾನೇ ತಿದ್ದಿದೆ ಎಂದು ಸಹಿ ಮಾಡಿ ಕೊಟ್ಟರೆ ನಾಳೆ ಯಾರಾದರೂ ಅದನ್ನೇ ಹಿಡಿದು ಇಲ್ಲಿ ನನ್ನ ಕುತ್ತಿಗೆಗೆ ಬಂದಾರು. ಗುರುತಿನ ಚೀಟಿಗೆ ಫೋಟೋ ತೆಗೆಯಲು ನನಗೆ ಸರ್ಕಾರದ ಒಪ್ಪಿಗೆ ಇರುವುದು ನಿನಗೆ ಗೊತ್ತೇ ಇದೆ. ಅಂಗಡಿ ನಡೆಯುವುದೇ ಅದರಿಂದ.

ತಮ್ಮ


ಮಾರ್ಚ್ 21

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನೀನು ದೀಪ ಡೊಂಕು ಅಂದೆ.

ನಿನ್ನ ಜಾಣ ಪತ್ರವನ್ನು ಕೌಂಟರಿನವಳು ಓದಿದಳು. ಎದ್ದು ಹೋಗಿ ಮೇಜಿನ ದೀಪ ತಂದು ನನ್ನ ಕೆನ್ನೆಗೆ ಹಿಡಿದಳು. ಈ ಕಡೆಯಿಂದ ಹಿಡಿದಳು, ಆ ಕಡೆಯಿಂದ ಹಿಡಿದಳು. ಹಾಲಿನಲ್ಲಿ ಕೂತವರೆಲ್ಲ ನೋಡುತ್ತಿದ್ದರು. "ಎಲ್ಲಾ ಬೆಳಕಿನಲ್ಲೂ ಕಾಣುತ್ತದಲ್ಲ?" ಎಂದಳು. ಸುಳ್ಳು ಪತ್ರ ಎಂದು ಫೈಲಿನಲ್ಲಿ ಇನ್ನೊಂದು ಸಾಲು ಬರೆದುಕೊಂಡಳು. ಮೊದಲು ಒಂದು ತಪ್ಪಿತ್ತು, ಈಗ ಎರಡಾಯಿತು. ನಿನಗೆ ತೃಪ್ತಿ ಆಯಿತಾ?

ಕೇಳಿಸಿಕೋ. ಬೇಡ ಅಂದೆಯಾ ಎಂದು ಕೇಳಿದ್ದೀಯ. ಬೇಕಾ ಎಂದು ನೀನು ಯಾವತ್ತು ಕೇಳಿದೆ? ಬಸ್ಸಿನಲ್ಲಿ ನನ್ನ ಕೈಯಿಂದ ಚಿಲ್ಲರೆ ತಗೊಳ್ಳಲು ಹಿಂಜರಿದವರಿದ್ದರು. ಅಂಥವರಿಗೆ ಕೈಗೇ ಕೊಟ್ಟು "ಎಣಿಸಿಕೊಳ್ಳಿ" ಎನ್ನುತ್ತಿದ್ದೆ. ಹೊರಗಿನವರ ಹತ್ತಿರ ಆಗಿದ್ದು ಮನೆಯಲ್ಲಿ ಆಗಲಿಲ್ಲ. ನೀನು ಫೋಟೋ ಕೊಟ್ಟಾಗಲೆಲ್ಲ ನನ್ನ ಬದಲು ಬೇರೆ ಯಾರನ್ನೋ ಕೂರಿಸಿ ತೆಗೆದ ಹಾಗೆ ಅನಿಸುತ್ತಿತ್ತು. ನೊಂದುಕೊಳ್ಳುತ್ತೀಯ ಎಂದು ಬಾಯಿ ಬಿಡಲಿಲ್ಲ. ಒಳ್ಳೆಯದಕ್ಕಂತೆ, ಒಳ್ಳೆಯದಕ್ಕೆ!

ಅಣ್ಣ ನನ್ನ ಮುಖದ ಮೇಲೆ ಎಡಗೈ ಇಟ್ಟು "ಏನು" ಎಂದ. ಸಿಟ್ಟಿನಿಂದ ಬಂದಿದ್ದೆ, ಅವನಿಗೆ ತಿಳಿಯಿತು. ಏನೆಂದು ಹೇಳಲಿ? ತಮ್ಮನಿಗೆ ಅಂಗಡಿಯ ಬೋರ್ಡು ದೊಡ್ಡದಾಯಿತು ಎಂದು ಹೇಳಲೇ?

ನಿಜ ಬರೆದು ಕಳಿಸು. ಇಲ್ಲವೇ ಏನೂ ಕಳಿಸಬೇಡ.

ಅಕ್ಕ


ಮಾರ್ಚ್ 21, ಸಂಜೆ

ಅಕ್ಕಾ,

ಲಗತ್ತಿಸಿದ್ದೇನೆ. ತೆಗೆದದ್ದು ನಾನು, ತಿದ್ದಿದ್ದು ನಾನು, ನಿನಗೆ ತಿಳಿಸಿರಲಿಲ್ಲ. ಮೊದಲ ಪತ್ರ ಸುಳ್ಳು ಎಂದೂ ಬರೆದಿದ್ದೇನೆ. ಸೀಲು ಹಾಕಿದ್ದೇನೆ. ಅಂಗಡಿ ಹೋದರೆ ಹೋಗಲಿ.

ತಮ್ಮ


ಮಾರ್ಚ್ 26

ತಮ್ಮಾ,

ಆಗಲಿಲ್ಲ.

ನಿನ್ನ ಎರಡನೇ ಪತ್ರವನ್ನು ಕೌಂಟರಿನವಳು ಪೂರ್ತಿ ಓದಿದಳು. ಮೇಲಿನವರ ಹತ್ತಿರ ತಾನೇ ಎದ್ದು ಹೋಗಿ ಕೇಳಿಯೂ ಬಂದಳು, ಅವಳನ್ನು ಬೈಯುವ ಹಾಗಿಲ್ಲ. ನನ್ನ ಮೇಲೆ ಮೋಸದ ದೂರು ಇರುವುದಿಲ್ಲ, ಮುಂದೆ ಯಾವತ್ತಾದರೂ ಹೊಸ ಕಾರ್ಡು ಕೊಳ್ಳಬಹುದು. ಆದರೆ ಈ ಕಾರ್ಡಿನ ಮೇಲೆ ಒಂದು ದಿನವೂ ಹೆಚ್ಚು ಸಿಗುವುದಿಲ್ಲ. ಇಪ್ಪತ್ತೆಂಟಕ್ಕೆ ಹೊರಡಲೇಬೇಕು. ಹೋದ ಮೇಲೆ ಮತ್ತೆ ಬರಲು ಆರು ತಿಂಗಳು ಬಿಟ್ಟು ಅರ್ಜಿ ಹಾಕಬೇಕಂತೆ. ಟಿಕೆಟಿನ ಸ್ಟೇಜು ಮುಗಿದವರನ್ನು ನಾನೂ ದಾರಿಯಲ್ಲಿ ಇಳಿಸಿದ್ದೇನೆ. ವಿಸಿಲ್ ಹೊಡೆದು "ರೈಟ್" ಎಂದ ಮೇಲೆ ಅವರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಅಣ್ಣನಿಗೆ ಇವತ್ತು ಹೇಳಿದೆ. ಅರ್ಥವಾಯಿತೋ ಇಲ್ಲವೋ ಗೊತ್ತಾಗಲಿಲ್ಲ. ಹೊರಗೆ ಬಂದಾಗ ಆ ಹುಡುಗಿ ಒಂದು ಹಾಳೆ ತಂದು, ನೋವು, ನೀರು, ಚಳಿ, ಸಾಕು, ಇವನ್ನೆಲ್ಲ ಹೇಗೆ ಹೇಳುತ್ತಾರೆ ಎಂದು ಕೇಳಿ ಬರೆದುಕೊಂಡಳು. ಒಳ್ಳೆಯ ಹುಡುಗಿ. ಆದರೆ ಅಷ್ಟರಲ್ಲಿ ಮನುಷ್ಯ ಬದುಕುತ್ತಾನೇನೋ? ಬೈಯಲು ಬೇಡವೇ, ತಮಾಷೆಗೆ ಬೇಡವೇ?

ನನಗೆ ಯಾರ ಮೇಲೂ ಸಿಟ್ಟು ಉಳಿದಿಲ್ಲ. ಸುಸ್ತಾಗಿದೆ.

ಅಕ್ಕ


ಮಾರ್ಚ್ 27

ಅಕ್ಕಾ,

ನಾನು ಹೋಗುತ್ತೇನೆ.

ನೀನು ಹೋಗು ಎಂದು ಬರೆದಿಲ್ಲ. ಬರೆಯಲಿಲ್ಲವಲ್ಲ ಎಂದೇ ರಾತ್ರಿಯೆಲ್ಲ ಒದ್ದಾಡಿದೆ. ಬೆಳಿಗ್ಗೆ ಅಂಗಡಿ ತೆಗೆದು ಕೂತು ನನಗೇ ಕಾರ್ಡು ಕೊಂಡೆ. ಎರಡು ದಿನದಲ್ಲಿ ಬರುತ್ತದಂತೆ, ಮೂವತ್ತಕ್ಕೆ ವಿಮಾನ. ನೀನು ಇಳಿಯುತ್ತೀಯ, ನಾನು ಹತ್ತುತ್ತೇನೆ.

ಫೋಟೋ ನಾನೇ ಟೈಮರ್ ಇಟ್ಟು ತೆಗೆದುಕೊಂಡೆ. ಕಿವಿಯ ಮೇಲಿನ ನರೆ, ಹಣೆಯ ಗೆರೆ, ಎಲ್ಲ ಇದ್ದಂತೆ ಇದೆ. ಕೈ ಎರಡು ಸಲ ಮೌಸಿನ ಕಡೆ ಹೋಯಿತು, ಎಳೆದುಕೊಂಡೆ. ಅರ್ಜಿಯಲ್ಲಿ ಯಾರನ್ನು ನೋಡಲು, ಏನು ಸಂಬಂಧ ಎಂದು ಕೇಳುತ್ತದೆ. ನಿನ್ನದನ್ನು ತುಂಬಿದಾಗ ಅದನ್ನು ಬಿಟ್ಟು "ಪ್ರವಾಸ" ಎಂದು ಒತ್ತಿಬಿಟ್ಟಿದ್ದೆ. ಈ ಸಲ "ಅಣ್ಣ" ಎಂದು ಬರೆದೆ.

ಖುಷಿಪಡಬೇಡ. ಅಮ್ಮ ಹೋದಾಗ ಬಾರದವನು ಅವನು. ಮೂರು ದಿನ ಬಾಗಿಲು ನೋಡಿದೆವು. ಆಮೇಲೆ ಫೋನ್ ಮಾಡಿ ಏನಂದ? ಕಾಗದ ಸಿಗಲಿಲ್ಲ ಅಂದ! ಅದನ್ನು ನಾನು ಕ್ಷಮಿಸಿಲ್ಲ. ಬೈಯಲು ಒಬ್ಬರು ಬೇಕು ಎಂದು ಬರೆದಿದ್ದೀಯಲ್ಲ, ಅದಕ್ಕೆ ಹೋಗುತ್ತಿದ್ದೇನೆ.

ಅಂಗಡಿಯ ಬೀಗದ ಕೈ ಪಕ್ಕದ ಝೆರಾಕ್ಸಿನವನ ಹತ್ತಿರ ಇರುತ್ತದೆ.

ತಮ್ಮ


ಏಪ್ರಿಲ್ 6

ತಮ್ಮಾ,

ಏನೋ ಇದು, ತಲುಪಿದೆ ಎಂದು ಒಂದು ಸಾಲು ಬಿಟ್ಟರೆ ಸುದ್ದಿಯೇ ಇಲ್ಲ? ಅಣ್ಣ ನಿನ್ನ ಗುರುತು ಹಿಡಿದನೇ? ಮಾತಾಡಿದನೇ? ಬೈಯುತ್ತಿದ್ದೀಯೋ ಇಲ್ಲ ಸುಮ್ಮನೆ ಗುಮ್ಮನ ಹಾಗೆ ಕೂತಿದ್ದೀಯೋ?

ನಿನ್ನ ಅಂಗಡಿಯಲ್ಲಿ ಕೂರುತ್ತಿದ್ದೇನೆ. ರೆಡಿ ಇರುವ ಫೋಟೋ ಕೊಡುತ್ತೇನೆ, ಹೊಸಬರಿಗೆ ಜೂನ್ ತಿಂಗಳಿಗೆ ಬನ್ನಿ ಎನ್ನುತ್ತೇನೆ. ನಿನ್ನೆ ಒಬ್ಬಾಕೆ ಮಗಳ ಫೋಟೋ ತಗೊಂಡು ಬಂದು, ಗಂಡಿನ ಕಡೆಯವರಿಗೆ ತೋರಿಸಬೇಕು, ಸ್ವಲ್ಪ ಬೆಳ್ಳಗೆ ಮಾಡಿಕೊಡಿ ಎಂದಳು. "ಬೆಳ್ಳಗಾಗೋದು ಅಷ್ಟು ಸುಲಭ ಅಲ್ಲಮ್ಮ, ನನ್ನ ನೋಡಿ, ಇಷ್ಟಾಗೋಕೆ ನಲವತ್ತು ವರ್ಷ ಹಿಡೀತು" ಎಂದೆ. ಮೊದಲು ಗಾಬರಿಯಾದಳು. ಆಮೇಲೆ ಮಗಳೇ ನಕ್ಕುಬಿಟ್ಟಳು. ಗಿರಾಕಿ ಹೋಯಿತೋ ಉಳಿಯಿತೋ ಗೊತ್ತಿಲ್ಲ.

ಅವಧಿ ಮುಗಿಯುವವರೆಗೆ ಕಾಯಬೇಡ. ಈಗಲೇ ಆಫೀಸಿಗೆ ಹೋಗು.

ಅಕ್ಕ


ಏಪ್ರಿಲ್ 20

ಅಕ್ಕಾ,

ಬರೆಯಲು ಏನೂ ಇರಲಿಲ್ಲ, ಅದಕ್ಕೆ ಬರೆಯಲಿಲ್ಲ. ಬಂದ ದಿನ ಅವನು ನನ್ನನ್ನು ನೋಡಿ ಗೋಡೆಯ ಕಡೆ ಮುಖ ತಿರುಗಿಸಿದ. ನಾನೂ ಕುರ್ಚಿ ಕಿಟಕಿಯ ಕಡೆ ತಿರುಗಿಸಿಕೊಂಡೆ. ಆ ಹುಡುಗಿ ನಮ್ಮಿಬ್ಬರನ್ನೂ ನೋಡಿ, ಇವರಲ್ಲಿ ಲಕ್ವ ಹೊಡೆದದ್ದು ಯಾರಿಗೆ ಎಂದುಕೊಂಡಿರಬೇಕು. ಆಮೇಲೆ ಕೆಲಸಕ್ಕೆ ಬೇಕಾದಷ್ಟು ಮಾತು ಶುರುವಾಯಿತು. ಚಿತ್ರ ತೋರಿಸುವುದು, ಅವನು ಹೇಳುವುದು. ಬೀಗ, ಏಣಿ, ಛತ್ರಿ. ತಪ್ಪಿದರೆ ಬೈಯುತ್ತಿದ್ದೆ. ಅವನೂ ಬೈಯುತ್ತಿದ್ದ. ಬೈಗುಳ ಮಾತ್ರ ಎಲ್ಲೂ ತಡವರಿಸುವುದಿಲ್ಲ.

ಅವಧಿ ಮುಂದುವರಿಸಲು ಹೋದೆ. ಫೋಟೋ ಸರಿಯಿದೆ, ಮುಖ ಸರಿಯಿದೆ. ಆದರೆ ಆಸ್ಪತ್ರೆಯ ಪತ್ರಕ್ಕೆ ದುಂಡು ಸೀಲು ಬೇಕು, ಇದು ಚೌಕ ಸೀಲು. ಆಸ್ಪತ್ರೆಯಲ್ಲಿ ದುಂಡು ಸೀಲು ಇರುವ ಸಾಹೇಬ ರಜೆಯಲ್ಲಿ. ಅವನು ಬಂದು ಹಾಕಿಕೊಟ್ಟ. ತಗೊಂಡು ಹೋದರೆ ಅಣ್ಣ ನನ್ನ ಅಣ್ಣ ಎನ್ನುವುದಕ್ಕೆ ದಾಖಲೆ ಏನು ಎಂದರು. ಅದೂ ಆಯಿತು. ಇವತ್ತು ಹೋದರೆ ದುಂಡು ಸೀಲು ಹಾಕಿದ ಪತ್ರ ಹಳೆಯದಾಯಿತು, ಹೊಸದು ತನ್ನಿ ಎಂದರು! ನನಗೆ ಎಂಥ ಕೋಪ ಬಂತು ಗೊತ್ತೇ? ಆ ಹಾಲಿನ ಕುರ್ಚಿಗೆ ಬೋಲ್ಟು ಯಾಕೆ ಹಾಕಿದ್ದಾರೆ ಎಂದು ಇವತ್ತು ತಿಳಿಯಿತು. ಇಲ್ಲದಿದ್ದರೆ ಎತ್ತಿ ಒಗೆಯುತ್ತಿದ್ದೆ.

ವಾರ್ಡಿಗೆ ಬಂದು ಫೈಲನ್ನು ಹಾಸಿಗೆಯ ಮೇಲೆ ಎಸೆದೆ. "ನೋಡೋ ಇವರ ಹಣೆಬರಹ! ಮನುಷ್ಯ ಹಾಸಿಗೆ ಹಿಡಿದಿದ್ದಾನೆ ಅಂದ್ರೆ ಇವರಿಗೆ ಸೀಲಿಂದೇ ಚಿಂತೆ. ಬಿಡಲ್ವಂತೆ ನನ್ನ!" ಎಂದು ಕೂಗಾಡಿದೆ. ಅವನು ಆ ಫೈಲನ್ನೇ ನೋಡುತ್ತಿದ್ದ. ಎಡಗೈಯಲ್ಲಿ ಹತ್ತಿರ ಎಳೆದುಕೊಂಡ.

"ನನ್ನೂ" ಎಂದ.

"ಏನು ನಿನ್ನೂ?"

"ನನ್ನೂ... ಬಿಡ್ಲಿಲ್ಲ."

ಎಲ್ಲಿಗೆ ಎಂದು ಕೇಳಿದೆ. ಬಾಯಿ ತೆರೆದ, ಮುಚ್ಚಿದ. ನಾನು ಅವಸರ ಮಾಡಲಿಲ್ಲ ಅಕ್ಕಾ, ನಿನ್ನಾಣೆ. "ಅಮ್ಮ" ಎಂದ. ಆಮೇಲೆ ಎಷ್ಟೋ ಹೊತ್ತಿಗೆ, "ಟಿಕೆಟ್... ತಗೊಂಡಿದ್ದೆ. ಪಾಸ್‌ಪೋರ್ಟ್ ಅವರ ಹತ್ರ. ಕೊಡ್ಲಿಲ್ಲ." ಅವನ ಕಣ್ಣಲ್ಲಿ ನೀರಿತ್ತು. ವಾಸದ ಪರವಾನಗಿ ನವೀಕರಿಸಲು ಕೊಟ್ಟ ಪಾಸ್‌ಪೋರ್ಟು ಇದೇ ಆಫೀಸಿನಲ್ಲಿ ಸಿಕ್ಕಿಕೊಂಡಿತ್ತಂತೆ. ದಿನಾ ಹೋಗಿ ಬಾಗಿಲಲ್ಲಿ ನಿಂತಿದ್ದನಂತೆ. ಇಷ್ಟನ್ನು ಒಂದೊಂದೇ ಮಾತಾಗಿ ಹೇಳಿ ಮುಗಿಸುವ ಹೊತ್ತಿಗೆ ಊಟದ ಗಾಡಿ ಬಂದು ಹೋಗಿತ್ತು.

ಇಷ್ಟು ವರ್ಷ ನಾನು ಅದನ್ನು ನೆಪ ಎಂದೇ ತಿಳಿದಿದ್ದೆ. ಬಂದವರಿಗೆಲ್ಲ ಹಾಗೆಯೇ ಹೇಳಿಕೊಂಡು ಬಂದೆ. ನನಗೆ ಅಲ್ಲೇ ಅಳು ಬಂತು. ಪಕ್ಕದ ಹಾಸಿಗೆಯವರು ನೋಡುತ್ತಿದ್ದರು, ನೋಡಲಿ ಎಂದುಕೊಂಡೆ.

"ನೀನು ಹೇಳಿದ್ದು ನಿಜ ಕಣೋ ಅಣ್ಣ" ಎಂದೆ. ಅಷ್ಟು ಹೇಳಲು ಅವನಿಗಿಂತ ನನಗೇ ಹೆಚ್ಚು ಹೊತ್ತು ಬೇಕಾಯಿತು.

ತಮ್ಮ